ಒಂದೇ ನಾಣ್ಯದ ಎರಡು ಮುಖಗಳು ಮತ್ತು ದೊಡ್ಡಮ್ಮನ ವರಾಹ

ಕಳೆದ ನವೆಂಬರಿನಲ್ಲಿ, ಅಡಕೆ ಕೊಯ್ಲು ಶುರುವಾಗಿ ಊರಿಗೆ ಊರೇ ಅಡಕೆ ಬೇಯಿಸಿದ ಚೊಗರಿನ ವಾಸನೆಯಲ್ಲಿ ಮುಳುಗಿದ್ದ ದಿನಗಳಲ್ಲಿ, ಸಾಗರ ತಾಲ್ಲೂಕಿನ ಪ್ರೌಢಶಾಲೆಯೊಂದು ರಾಜ್ಯೋತ್ಸವಕ್ಕೆಂದು ನಡೆಸಿದ ಪ್ರಬಂಧ ಸ್ಪರ್ಧೆಯ ಪತ್ರಿಕೆಗಳನ್ನು ತಿದ್ದಿಕೊಡುವ ಕೆಲಸ ನನ್ನ ಪಾಲಿಗೆ ಬಂದಿತ್ತು. ಕೊಟ್ಟಿದ್ದ ವಿಷಯ ‘ಅಭಿವೃದ್ಧಿ ಮತ್ತು ಪರಿಸರ’. ಅಕ್ಷರ ದುಂಡಗಿರಲಿ, ಕಾಗೆ ಕಾಲಿನಂತಿರಲಿ, ಅರ್ಧಕ್ಕಿಂತ ಹೆಚ್ಚು ಮಕ್ಕಳು ಪ್ರಬಂಧವನ್ನು ಆರಂಭಿಸಿದ್ದೋ ಮುಗಿಸಿದ್ದೋ ಒಂದೇ ವಾಕ್ಯದಿಂದ: ‘ಅಭಿವೃದ್ಧಿ ಮತ್ತು ಪರಿಸರ ಒಂದೇ ನಾಣ್ಯದ ಎರಡು ಮುಖಗಳು.’ ಹಾಗೆಂದರೇನು ಎಂದು ಮುಂದಿನ ವಾಕ್ಯದಲ್ಲಿ ವಿವರಿಸಿದವರು ಒಬ್ಬರೂ ಇರಲಿಲ್ಲ. ಆ ಮಾತು ಹೇಳಿದ ಮೇಲೆ ಬೇರೇನನ್ನೂ ಹೇಳಬೇಕಾಗಿಲ್ಲ ಎಂಬ ನಿಶ್ಚಿಂತೆ ಆ ಪತ್ರಿಕೆಗಳಲ್ಲಿತ್ತು.

ಮಕ್ಕಳನ್ನು ದೂರುವ ಹಾಗಿಲ್ಲ. ಅವರು ಅದನ್ನು ಕಲಿತದ್ದು ನಮ್ಮಿಂದಲೇ. ಪತ್ರಿಕೆಯ ಸಂಪಾದಕೀಯದಿಂದ, ಟಿವಿಯ ಚರ್ಚೆಯಿಂದ, ವೇದಿಕೆಯ ಭಾಷಣದಿಂದ. ನಾನೂ ಆ ಮಾತನ್ನು ಧಾರಾಳವಾಗಿ ಖರ್ಚು ಮಾಡಿದವನೇ, ಅದರ ಕಥೆಯನ್ನು ಮುಂದೆ ಹೇಳುತ್ತೇನೆ. ಈಗ ಈ ನುಡಿಗಟ್ಟನ್ನು ಒಮ್ಮೆ ಕೈಗೆತ್ತಿಕೊಂಡು, ಅಂಗಡಿಯವನು ಹತ್ತು ರೂಪಾಯಿ ನಾಣ್ಯವನ್ನು ಅನುಮಾನದಿಂದ ತಿರುಗಿಸಿ ನೋಡುವಂತೆ ನೋಡಬೇಕೆನ್ನಿಸಿದೆ. (ಆ ನಾಣ್ಯ ಚಲಾವಣೆಯಲ್ಲಿದೆ ಎಂದು ರಿಸರ್ವ್ ಬ್ಯಾಂಕು ಮತ್ತೆ ಮತ್ತೆ ಹೇಳಿದರೂ ‘ಇದು ನಡೆಯಲ್ಲ ಸಾರ್’ ಎಂದು ಹಿಂದಕ್ಕೆ ಕೊಟ್ಟವರನ್ನು ನಾವೆಲ್ಲ ಕಂಡಿದ್ದೇವೆ. ನಾಣ್ಯ ‘ನಡೆಯುವುದು’ ಎನ್ನುವ ನಮ್ಮ ಕ್ರಿಯಾಪದ ಮಾತಿಗೂ ಸಲ್ಲುತ್ತದೆ; ಸರ್ಕಾರ ಹೇಳಿದ ಮಾತ್ರಕ್ಕೆ ಎರಡೂ ನಡೆಯುವುದಿಲ್ಲ.)

ಇಂಗ್ಲಿಷಿನಿಂದ ಬಂದ ಈ ಮಾತಿಗೆ ಅಲ್ಲಿ ಎರಡು ರೂಪಗಳಿವೆ, ಎರಡರ ಅರ್ಥವೂ ಬೇರೆ. ‘ನಾಣ್ಯದ ಇನ್ನೊಂದು ಮುಖ’ ಎಂದರೆ, ಈವರೆಗೆ ಹೇಳಿದ್ದಕ್ಕೆ ಎದುರಾದ, ಆದರೆ ಅಷ್ಟೇ ನಿಜವಾದ ಸಂಗತಿ. ಹೊಸ ರಸ್ತೆಯಿಂದ ಆಸ್ಪತ್ರೆ ಹತ್ತಿರವಾಯಿತು, ಇನ್ನೊಂದು ಮುಖವೆಂದರೆ ಊರಿನ ಚಿಕ್ಕ ಅಂಗಡಿಗಳಿಗೆ ವ್ಯಾಪಾರ ಹೋಯಿತು, ಎನ್ನುವಲ್ಲಿ ಇದು ಸಲ್ಲುತ್ತದೆ. ‘ಒಂದೇ ನಾಣ್ಯದ ಎರಡು ಮುಖಗಳು’ ಎಂಬುದು ಇದಕ್ಕಿಂತ ಬಿಗಿಯಾದ ಮಾತು. ಮೇಲ್ನೋಟಕ್ಕೆ ಬೇರೆ ಬೇರೆಯಾಗಿ, ಕೆಲವೊಮ್ಮೆ ಶತ್ರುಗಳಂತೆಯೇ ಕಾಣುವ ಎರಡು ಸಂಗತಿಗಳು ಒಂದೇ ಲೋಹದ ಮೇಲೆ ಒತ್ತಿದ ಅಚ್ಚುಗಳು, ಒಂದನ್ನು ಬಿಟ್ಟು ಇನ್ನೊಂದನ್ನು ಇಟ್ಟುಕೊಳ್ಳಲಾಗದು ಎಂಬುದು ಅದರ ತಿರುಳು. ಹಕ್ಕು ಮತ್ತು ಕರ್ತವ್ಯದ ಬಗ್ಗೆ ಹೀಗೆ ಹೇಳಿದಾಗ ಮಾತು ಸರಿಯಾಗಿ ಕೂರುತ್ತದೆ. ಓದು ಮತ್ತು ಬರಹದ ಬಗ್ಗೆ ಹೇಳಿದರೆ ಅಷ್ಟಾಗಿ ಕೂರುವುದಿಲ್ಲ, ಏಕೆಂದರೆ ಅವು ಎದುರಾಳಿಗಳಂತೆ ಯಾರಿಗೂ ಕಂಡಿಲ್ಲ. ಓದಬಲ್ಲವರು ಬರೆಯದೇ ಇರುವುದೂ ಉಂಟು.

ಕನ್ನಡದಲ್ಲಿ ಇದಕ್ಕೆ ಮೂರನೆಯದೊಂದು ಬಳಕೆ ಹುಟ್ಟಿ, ಅದೇ ಮುಖ್ಯವಾಗಿಬಿಟ್ಟಿದೆ. ‘ಆ ಪಕ್ಷ, ಈ ಪಕ್ಷ ಎರಡೂ ಒಂದೇ ನಾಣ್ಯದ ಎರಡು ಮುಖಗಳು’ ಎಂದು ಚುನಾವಣೆ ಬಂದಾಗಲೆಲ್ಲ ಯಾರಾದರೊಬ್ಬರು ಹೇಳುತ್ತಾರೆ. ಇಲ್ಲಿ ಅವರು ಹೇಳಹೊರಟಿರುವುದು ಬೇರ್ಪಡಿಸಲಾಗದ ವೈರುಧ್ಯವನ್ನಲ್ಲ. ಇಬ್ಬರೂ ಅಷ್ಟಕ್ಕಷ್ಟೇ, ಹೆಸರು ಮಾತ್ರ ಬೇರೆ ಎಂಬುದನ್ನು. ಅದಕ್ಕೆ ಇಂಗ್ಲಿಷಿನಿಂದ ನಾಣ್ಯ ಸಾಲ ತರಬೇಕಾಗಿರಲಿಲ್ಲ. ‘ಅಳಿಯ ಅಲ್ಲ, ಮಗಳ ಗಂಡ’ ಎಂಬ ಗಾದೆ ನಮ್ಮ ಮನೆಯಲ್ಲೇ ಇದೆ. ಅದರಲ್ಲಿರುವ ನಗು ಮತ್ತು ಚುಚ್ಚು ನಾಣ್ಯದ ಮಾತಿಗೆ ಬರುವುದಿಲ್ಲ.

ಗಾದೆಯ ಮಾತು ಬಂದದ್ದರಿಂದ ಒಂದು ನೆನಪು. ಚಿಕ್ಕಂದಿನಲ್ಲಿ ‘ನಾಣ್ಣುಡಿ’ ಎಂಬ ಪದ ನಾಣ್ಯ ಮತ್ತು ನುಡಿ ಸೇರಿ ಆದದ್ದು ಎಂದೇ ನಾನು ನಂಬಿದ್ದೆ. ಕೈಯಿಂದ ಕೈಗೆ ದಾಟುವ ನುಡಿ ಎಂದು ನನಗೆ ನಾನೇ ಅರ್ಥ ಮಾಡಿಕೊಂಡಿದ್ದೆ. ಅದು ನಾಡು ಮತ್ತು ನುಡಿ ಸೇರಿ ಆದದ್ದೆಂದು ಕನ್ನಡ ಮೇಷ್ಟ್ರು ತಿದ್ದಿದಾಗ ಸ್ವಲ್ಪ ನಿರಾಸೆಯೇ ಆಗಿತ್ತು.

ಇಂಗ್ಲಿಷಿನಲ್ಲಿ ನಾಣ್ಯಕ್ಕೆ ಇರುವ ಕಾಯಿನ್ ಎಂಬ ಪದ ಫ್ರೆಂಚಿನ ಮೂಲಕ ಬಂದದ್ದು, ಅದರ ಬೇರು ಲ್ಯಾಟಿನ್ನಿನ ಕ್ಯುನಿಯಸ್, ಅಂದರೆ ಬೆಣೆ. ಬೆಣೆಯಾಕಾರದ ಉಪಕರಣದಿಂದ ಲೋಹಕ್ಕೆ ಅಚ್ಚು ಒತ್ತುತ್ತಿದ್ದುದರಿಂದ ಉಪಕರಣದ ಹೆಸರೇ ಕೊನೆಗೆ ವಸ್ತುವಿನ ಹೆಸರಾಯಿತು. ಸಂಸ್ಕೃತದ ‘ಟಂಕ’ಕ್ಕೂ ಇದೇ ಗತಿಯಾಗಿದೆ. ಅದಕ್ಕೆ ಕಲ್ಲುಕುಟಿಗನ ಉಳಿ ಎಂಬ ಅರ್ಥವೂ ಇದೆ, ಅಚ್ಚೊತ್ತಿದ ನಾಣ್ಯ ಎಂಬ ಅರ್ಥವೂ ಇದೆ. ನಾಣ್ಯ ತಯಾರಾಗುವ ಜಾಗ ಟಂಕಸಾಲೆಯಾದದ್ದು, ಹೊಸ ಪದ ಕಟ್ಟುವವರನ್ನು ಇಂದಿಗೂ ‘ಪದ ಟಂಕಿಸಿದರು’ ಎನ್ನುವುದು ಆ ಪದದಿಂದಲೇ. ಎರಡು ದೂರದ ಭಾಷೆಗಳಲ್ಲೂ ನಾಣ್ಯದ ಹೆಸರಿನ ಹಿಂದೆ ಒಂದು ಪೆಟ್ಟು ಇದೆ ಎಂಬುದು ನನಗೆ ಮುಖ್ಯವಾಗಿ ಕಾಣುತ್ತದೆ. ಮುಖಗಳು ತಾವಾಗಿ ಮೂಡಿದವಲ್ಲ, ಯಾರೋ ಬಡಿದು ಮೂಡಿಸಿದವು.

ಇನ್ನು ‘ಮುಖ’ ಎಂಬ ಪದ. ಇಂಗ್ಲಿಷಿನವರು ನಾಣ್ಯ ಚಿಮ್ಮಿದಾಗ ತಲೆಯೋ ಬಾಲವೋ ಎಂದು ಕೇಳುತ್ತಾರೆ. ಅವರಿಗಿಂತ ಹಿಂದೆ ರೋಮನ್ನರ ಹುಡುಗರು ತಲೆಯೋ ಹಡಗೋ ಎಂದು ಕೇಳುತ್ತಿದ್ದರು. ಅವರ ಕಂಚಿನ ನಾಣ್ಯದ ಒಂದು ಬದಿಯಲ್ಲಿ ಜಾನಸ್ ದೇವತೆಯ ತಲೆ, ಇನ್ನೊಂದು ಬದಿಯಲ್ಲಿ ಹಡಗಿನ ಮೂತಿ ಇರುತ್ತಿತ್ತು. ಆ ಜಾನಸನಿಗೋ ಹಿಂದೊಂದು ಮುಂದೊಂದು ಎರಡು ಮುಖ. ಹೀಗಾಗಿ ಅವರ ನಾಣ್ಯಕ್ಕೆ ಒಂದೇ ಬದಿಯಲ್ಲಿ ಎರಡು ಮುಖಗಳಿದ್ದವು! ಫ್ರೆಂಚರೂ ಜರ್ಮನ್ನರೂ ಇದೇ ಅರ್ಥಕ್ಕೆ ನಾಣ್ಯದ ಬದಲು ಪದಕವನ್ನು ಹಿಡಿದು ‘ಪದಕದ ಹಿಂಬದಿ’ ಎನ್ನುತ್ತಾರೆ. ಅಲ್ಲಿ ಹಿಂಬದಿ ಎಂದರೆ ಹೆಚ್ಚಾಗಿ ಅಹಿತವಾದ ಬದಿಯೇ. ಅಂದರೆ ಅವರೆಲ್ಲರ ಮಾತಿನಲ್ಲಿ ಒಂದು ಬದಿ ಮೇಲು, ಒಂದು ಬದಿ ಹಿಂದು. ಕನ್ನಡಕ್ಕೆ ತಂದವರು ಯಾರೋ ಗೊತ್ತಿಲ್ಲ, ಅವರು ಬದಿ ಎನ್ನದೆ ಮುಖ ಎಂದರು. ಎರಡಕ್ಕೂ ಮುಖವಿದೆ ಎಂದ ಮೇಲೆ ಬೆನ್ನು ಯಾವುದಕ್ಕೂ ಇಲ್ಲ. ಈ ಒಂದು ಪದದಿಂದ ನುಡಿಗಟ್ಟು ಇಂಗ್ಲಿಷಿಗಿಂತ ನ್ಯಾಯವಾದದ್ದಾಯಿತು ಎಂದೇ ನನ್ನ ಅಭಿಪ್ರಾಯ. ನಾವು ಅದನ್ನು ಅಷ್ಟು ನ್ಯಾಯವಾಗಿ ಬಳಸುತ್ತಿಲ್ಲ, ಅದು ಬೇರೆ ಮಾತು.

ನಮ್ಮ ಆಟಗಳಲ್ಲಿ ಚಿಮ್ಮಲು ನಾಣ್ಯ ಯಾರ ಹತ್ತಿರವೂ ಇರುತ್ತಿರಲಿಲ್ಲ. ಒಡೆದ ಮಂಗಳೂರು ಹಂಚಿನ ಚೂರೊಂದರ ಒಂದು ಬದಿಗೆ ಉಗುಳು ಹಚ್ಚಿ ಮೇಲಕ್ಕೆ ಎಸೆದು ‘ಮಳೆಯೋ ಬಿಸಿಲೋ’ ಎಂದು ಕೂಗುತ್ತಿದ್ದೆವು. ಮಲೆನಾಡಿನಲ್ಲಿ, ಅದರಲ್ಲೂ ಆಷಾಢದಲ್ಲಿ, ಬಿಸಿಲು ಎಂದು ಕೂಗುವುದಕ್ಕೆ ಧೈರ್ಯ ಬೇಕಿತ್ತು.

ಈ ಮಾತಿಗೆ ನಮ್ಮಲ್ಲಿ ಸಾಟಿಯಾದದ್ದು ಏನೂ ಇರಲಿಲ್ಲವೇ ಎಂದು ಎಷ್ಟೋ ಸಲ ಯೋಚಿಸಿದ್ದೇನೆ. ಕೊಟ್ಟದ್ದನ್ನು ಅದೇ ನಾಣ್ಯದಲ್ಲಿ ತೀರಿಸುವುದು ಎಂಬ ಇಂಗ್ಲಿಷ್ ಮಾತು ಕನ್ನಡದಲ್ಲಿ ನೆಲೆಯೂರಲಿಲ್ಲ, ಏಕೆಂದರೆ ಮುಯ್ಯಿಗೆ ಮುಯ್ಯಿ, ಸೇರಿಗೆ ಸವ್ವಾಸೇರು ಎಂಬವು ಆಗಲೇ ಜಾಗ ಹಿಡಿದು ಕೂತಿದ್ದವು. ಬೆಲೆಯಿಲ್ಲದ್ದಕ್ಕೆ ಕವಡೆ ಕಾಸು ಇತ್ತು, ನಂಬಬಹುದಾದ ಮನುಷ್ಯನಿಗೆ ನಾಣ್ಯಸ್ಥ ಎಂಬ ಚಂದದ ಪದವಿತ್ತು. ಎರಡು ಮುಖದ ಮಾತಿಗೆ ಹತ್ತಿರವಾದದ್ದೆಂದರೆ ಯುಗಾದಿಯ ಬೇವುಬೆಲ್ಲ. ಆದರೆ ಬೇವುಬೆಲ್ಲದಲ್ಲಿ ಕಹಿಯೂ ಸಿಹಿಯೂ ಒಟ್ಟಿಗೇ ನಾಲಿಗೆಗೆ ಬರುತ್ತವೆ, ತಿನ್ನುವವನಿಗೆ ಎರಡೂ ಏಕಕಾಲಕ್ಕೆ ತಿಳಿಯುತ್ತವೆ. ನಾಣ್ಯದ ವಿಚಾರ ಹಾಗಲ್ಲ. ಒಂದು ಮುಖ ಕಾಣುತ್ತಿರುವಷ್ಟು ಹೊತ್ತು ಇನ್ನೊಂದು ಕಾಣುವುದಿಲ್ಲ. ಅಂಗೈಗೆ ಒತ್ತಿಕೊಂಡಿರುತ್ತದೆ, ಇದೆ, ಆದರೆ ಕಣ್ಣಿಗೆ ಬೀಳುವುದಿಲ್ಲ. ಈ ವ್ಯತ್ಯಾಸವನ್ನು ಬೇವುಬೆಲ್ಲ ಹೇಳಲಾರದು. ಆದ್ದರಿಂದ ಹೊರಗಿನಿಂದ ಬಂದ ಈ ಮಾತು ನಮ್ಮಲ್ಲಿ ದುಡಿದು ತಿನ್ನುತ್ತಿದೆ ಎಂದು ಒಪ್ಪಲೇಬೇಕು.

ಕಾಣದ ಮುಖ ಎಂದರೇನು ಎಂಬುದನ್ನು ನಾನು ತಿಳಿದದ್ದು ನಿಜವಾದ ಒಂದು ನಾಣ್ಯದಿಂದ. ದೊಡ್ಡಮ್ಮನ ದೇವರ ಪೆಟ್ಟಿಗೆಯಲ್ಲಿ ಒಂದು ಚಿನ್ನದ ವರಾಹವಿತ್ತು. ಹೆಬ್ಬೆರಳಿನ ಉಗುರಿಗಿಂತ ಚಿಕ್ಕದು, ತೂಕ ಮೂರೂವರೆ ಗ್ರಾಂ ಕೂಡ ಇರದು, ಆದರೆ ದಪ್ಪ. ದೀಪಾವಳಿಯ ಲಕ್ಷ್ಮೀಪೂಜೆಗೆ ಅದನ್ನು ಹೊರತೆಗೆದು, ತೊಳೆದು, ಅಕ್ಕಿಯ ಮೇಲಿಟ್ಟು ಕುಂಕುಮ ಹಚ್ಚುತ್ತಿದ್ದರು. ಮೇಲ್ಮುಖದಲ್ಲಿ ಅಕ್ಕಪಕ್ಕ ಕೂತ ಶಿವ ಪಾರ್ವತಿಯರು. ವರ್ಷಾನುಗಟ್ಟಲೆ ಕುಂಕುಮ ತಿಂದು ಅವರ ಮೂಗು ಕಣ್ಣುಗಳೆಲ್ಲ ಸವೆದಿದ್ದವು. ಅಡಿಯ ಮುಖದಲ್ಲಿ ರಾಗಿ ಚೆಲ್ಲಿದಂತೆ ಸಣ್ಣ ಸಣ್ಣ ಚುಕ್ಕೆಗಳು, ಅವುಗಳ ನಡುವೆ ಕೊಕ್ಕೆಯಂತೆ ಬಾಗಿದ ಒಂದು ಗೆರೆ. ಅದೇನೆಂದು ಕೇಳಿದಾಗ ‘ನಾಗಪ್ಪ ಇರಬೇಕು ಮಗಾ, ಶಿವನ ಹಿಂದೆ ಇನ್ನಾರಿರ್ತಾರೆ’ ಎಂದಿದ್ದರು ದೊಡ್ಡಮ್ಮ.

ನಾಗಪ್ಪನಲ್ಲ ಎಂದು ಗೊತ್ತಾಗಲು ಇಪ್ಪತ್ತು ವರ್ಷ ಬೇಕಾಯಿತು. ನಾಣ್ಯಶಾಸ್ತ್ರದ ಪುಸ್ತಕವೊಂದರಲ್ಲಿ ಅದೇ ಚಿತ್ರ ಕಂಡೆ. ಆ ಕೊಕ್ಕೆ ಪಾರ್ಸಿ ಲಿಪಿಯ ‘ಹೆ’ ಅಕ್ಷರ, ಹೈದರಾಲಿಯ ಹೆಸರಿನ ಮೊದಲ ಅಕ್ಷರ. 1763ರಲ್ಲಿ ಹೈದರಾಲಿ ಕೆಳದಿ ಅರಸರ ರಾಜಧಾನಿಯಾಗಿದ್ದ ಬಿದನೂರನ್ನು ಗೆದ್ದು ಅದಕ್ಕೆ ಹೈದರನಗರ ಎಂದು ಹೆಸರಿಟ್ಟ. ಇಂದಿನ ಹೊಸನಗರ ತಾಲ್ಲೂಕಿನ ನಗರವೇ ಅದು. ಕೆಳದಿಯವರ ವರಾಹಗಳಲ್ಲಿ ಮುಂದೆ ಶಿವ ಪಾರ್ವತಿಯರೂ ಹಿಂದೆ ನಾಗರಿಯಲ್ಲಿ ‘ಶ್ರೀ ಸದಾಶಿವ’ ಎಂಬ ಬರಹವೂ ಇರುತ್ತಿದ್ದವು. ಹೈದರಾಲಿ ಮುಂದಿನ ಮುಖವನ್ನು ಮುಟ್ಟಲಿಲ್ಲ. ಹಿಂದಿನ ಬರಹವನ್ನು ಮಾತ್ರ ತೆಗೆದು ತನ್ನ ಒಂದಕ್ಷರವನ್ನು ಒತ್ತಿಸಿದ. ಆ ಮುಖವಾದರೂ ಕೆಳದಿಯವರದೇ ಎಂದರೆ ಅದೂ ಅಲ್ಲ, ವಿಜಯನಗರದ ಎರಡನೆಯ ಹರಿಹರನ ನಾಣ್ಯಗಳಲ್ಲೇ ಉಮಾಮಹೇಶ್ವರರಿದ್ದರು. ಟಿಪ್ಪುವಿನ ಕಾಲದಲ್ಲಿ ಎರಡೂ ಕಡೆ ಪಾರ್ಸಿ ಬರಹ ಬಂತು. 1799ರ ನಂತರ ಮುಮ್ಮಡಿ ಕೃಷ್ಣರಾಜ ಒಡೆಯರ ವರಾಹದಲ್ಲಿ ಶಿವ ಪಾರ್ವತಿಯರು ಮರಳಿ ಬಂದರು, ಹಿಂದೆ ‘ಶ್ರೀ ಕೃಷ್ಣರಾಜ’ ಎಂಬ ಹೆಸರಿನೊಡನೆ.

ಗೆದ್ದವನು ತನ್ನ ಹೆಸರನ್ನು ಏಕೆ ಮುಂದಕ್ಕೆ ತರಲಿಲ್ಲ? ಘಟ್ಟದ ಮೇಲಿನ ಮೆಣಸು, ಅಡಕೆ, ಅಕ್ಕಿ ಕರಾವಳಿಯ ಬಂದರುಗಳಿಗೆ ಇಳಿದು ಹೋಗುತ್ತಿದ್ದ ಕಾಲ ಅದು. ವ್ಯಾಪಾರಿ ನಂಬುತ್ತಿದ್ದುದು ತಾನು ಕಂಡು ಬಲ್ಲ ಮುಖವನ್ನು. ಆ ನಂಬಿಕೆಯನ್ನು ಕೆಡಿಸಿಕೊಳ್ಳುವುದು ಹೈದರಾಲಿಗೆ ಬೇಡವಾಗಿತ್ತು ಎಂದು ನಾನು ಭಾವಿಸುತ್ತೇನೆ. ನಂಬಿಕೆ ಒಂದು ಮುಖ, ಅಧಿಕಾರ ಇನ್ನೊಂದು ಮುಖ. ಎರಡೂ ಒಂದೇ ಚಿನ್ನದಲ್ಲಿ, ಒಂದಿಲ್ಲದೆ ಇನ್ನೊಂದು ನಡೆಯದ ಹಾಗೆ. ಆ ನುಡಿಗಟ್ಟಿಗೆ ಇಷ್ಟು ಅಚ್ಚುಕಟ್ಟಾದ ಉದಾಹರಣೆಯನ್ನು ನಾನು ಬೇರೆಲ್ಲೂ ಕಂಡಿಲ್ಲ. ದೊಡ್ಡಮ್ಮನಿಗೆ ಈ ವಿಷಯ ಹೇಳಿದಾಗ ಅವರು ಕನ್ನಡಕ ಏರಿಸಿ ವರಾಹವನ್ನು ಒಮ್ಮೆ ತಿರುಗಿಸಿ ನೋಡಿ, ‘ಇಷ್ಟು ವರ್ಷ ನಮ್ಮ ಪೂಜೆಯಲ್ಲಿ ಅವನೂ ಕೂತಿದ್ದನಲ್ಲ’ ಎಂದು ನಕ್ಕು, ಮತ್ತೆ ಶಿವ ಪಾರ್ವತಿಯರನ್ನು ಮೇಲೆ ಮಾಡಿ ಇಟ್ಟರು.

ಆ ವರಾಹ ಈಗಿರುವ ಮನೆಯಲ್ಲಿ ಹುಟ್ಟಿದ್ದಲ್ಲ. ದೊಡ್ಡಪ್ಪನ ಮೂಲ ಮನೆ ಶರಾವತಿ ಕಣಿವೆಯಲ್ಲಿತ್ತು. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿದಾಗ ಕಣಿವೆಯ ಉಳಿದ ಊರುಗಳೊಂದಿಗೆ ಅದೂ ನೀರಿನಡಿಗೆ ಹೋಯಿತು. ಬಾಗಿಲು, ಕಂಬ, ಹಂಡೆ, ದೇವರ ಪೆಟ್ಟಿಗೆಯನ್ನು ಲಾರಿಗೆ ಹೇರಿಕೊಂಡು ಬಂದು ಶಿವಮೊಗ್ಗ ತಾಲ್ಲೂಕಿನ ಕಾಡಂಚಿನಲ್ಲಿ ಇಳಿದವರು ಅವರು. ಶರಾವತಿಯ ವಿದ್ಯುದಾಗಾರದ ಸಾಮರ್ಥ್ಯ 1,035 ಮೆಗಾವಾಟ್; ನಾಡಿನ ಎಷ್ಟೋ ನಗರಗಳು ಅದರ ಬೆಳಕಿನಲ್ಲಿ ಬೆಳೆದವು. ದೊಡ್ಡಪ್ಪ ಇಳಿದ ಊರಿಗೆ ಕರೆಂಟ್ ಬಂದದ್ದು ಮಾತ್ರ ಬಹಳ ವರ್ಷಗಳ ಮೇಲೆ. ಹಾಗೆ ಬಂದು ನೆಲೆಸಿದ ಅನೇಕರಿಗೆ ಉಳುವ ಭೂಮಿಯ ಹಕ್ಕುಪತ್ರದ ಚಿಂತೆ ಇಂದಿಗೂ ತಪ್ಪಿಲ್ಲ.

ನಾನು ಕಾಲೇಜಿನಲ್ಲಿದ್ದಾಗ ಚರ್ಚಾಸ್ಪರ್ಧೆಯೊಂದರಲ್ಲಿ ಇದೇ ಶರಾವತಿಯ ಬಗ್ಗೆ ಮಾತನಾಡಿದ್ದೆ. ‘ಒಂದು ಕಡೆ ನಾಡಿನ ಬೆಳಕು, ಇನ್ನೊಂದು ಕಡೆ ಮುಳುಗಡೆಯ ಕತ್ತಲು; ಇವು ಒಂದೇ ನಾಣ್ಯದ ಎರಡು ಮುಖಗಳು’ ಎಂದು ಮುಗಿಸಿದಾಗ ಬಿದ್ದ ಚಪ್ಪಾಳೆ ಇನ್ನೂ ಕಿವಿಯಲ್ಲಿದೆ. ಎರಡನೆಯ ಬಹುಮಾನವಾಗಿ ಒಂದು ಸ್ಟೀಲ್ ತಟ್ಟೆ ಸಿಕ್ಕಿತು. ಆ ರಜೆಯಲ್ಲಿ ದೊಡ್ಡಪ್ಪನ ಮನೆಗೆ ಹೋದವನು, ಅವರು ಜಗುಲಿಯಲ್ಲಿ ಕವಳ ಹಾಕುತ್ತ ಕೂತಿದ್ದಾಗ ಭಾಷಣದ ಆ ಭಾಗವನ್ನು ಹೆಮ್ಮೆಯಿಂದ ಓದಿ ಹೇಳಿದೆ. ಅವರು ಸಿಟ್ಟಾಗಲಿಲ್ಲ. ಸುಣ್ಣದ ಬೆರಳನ್ನು ಕಂಬಕ್ಕೆ ಒರೆಸಿ, ಸ್ವಲ್ಪ ಹೊತ್ತು ಬಿಟ್ಟು ಹೇಳಿದರು:

‘ಎಲ್ಲ ಚೆನ್ನಾಗಿದೆ ತಮ್ಮಾ. ಆ ನಾಣ್ಯ ಯಾರ ಕೈಲಿತ್ತು ಅಂತ ಮಾತ್ರ ಹೇಳಲೇ ಇಲ್ಲವಲ್ಲ. ನಾಣ್ಯ ಅಂದ ಮೇಲೆ ಎರಡೂ ಮುಖ ಒಬ್ಬನ ಕೈಲೇ ಇರಬೇಕು. ಒಂದು ಮುಖ ಅವರಿಗೆ, ಒಂದು ಮುಖ ನಮಗೆ ಅಂದರೆ ಅದು ನಾಣ್ಯ ಅಲ್ಲ, ಹಿಸ್ಸೆ.’

ಮಲೆನಾಡಿನಲ್ಲಿ ಹಿಸ್ಸೆ ಎಂಬ ಪದಕ್ಕೆ ಎಂಥ ಭಾರವಿದೆ ಎಂಬುದು ತೋಟ ಪಾಲಾದ ಮನೆಗಳವರಿಗೆ ಗೊತ್ತು. ಹಿಸ್ಸೆ ಎಂದರೆ ಯಾರೋ ಕೂತು ಮಾಡಿದ ಪಾಲು. ಹೆಚ್ಚು ಕಡಿಮೆ ಆಗಿದ್ದರೆ ಕೇಳಬಹುದು, ಪಂಚಾಯ್ತಿಗೆ ಕರೆಯಬಹುದು. ನಾಣ್ಯದ ಮಾತಿನಲ್ಲಿ ಕೇಳುವುದಕ್ಕೆ ಏನೂ ಇಲ್ಲ, ಏಕೆಂದರೆ ನಾಣ್ಯಕ್ಕೆ ಎರಡು ಮುಖ ಇರುವುದು ಸಹಜ, ಅದು ಯಾರ ತಪ್ಪೂ ಅಲ್ಲ. ನಾನು ಮಾಡಿದ್ದು ಅದನ್ನೇ: ಯಾರೋ ಮಾಡಿದ ಪಾಲನ್ನು ಪ್ರಕೃತಿಯ ನಿಯಮವೆಂಬಂತೆ ಹೇಳಿ, ಚಪ್ಪಾಳೆಯನ್ನೂ ತಟ್ಟೆಯನ್ನೂ ಪಡೆದುಕೊಂಡಿದ್ದೆ.

ಅಂದಿನಿಂದ ಈ ನುಡಿಗಟ್ಟು ಎದುರಾದಾಗಲೆಲ್ಲ ದೊಡ್ಡಪ್ಪನ ಪರೀಕ್ಷೆಯನ್ನು ಒಡ್ಡಿ ನೋಡುವುದು ಅಭ್ಯಾಸವಾಗಿದೆ. ಮಳೆ ಮತ್ತು ಕೊಳೆರೋಗ ಒಂದೇ ನಾಣ್ಯದ ಎರಡು ಮುಖಗಳೇ? ಹೌದು, ಧಾರಾಳವಾಗಿ ಹೇಳಬಹುದು. ಅಡಕೆ ಮರಕ್ಕೆ ಜೀವ ಕೊಡುವ ಮಳೆಯೇ ಬಿಡುವು ಕೊಡದೆ ಹೊಡೆದರೆ ಗೊನೆಯಲ್ಲಿ ಶಿಲೀಂಧ್ರ ಬೆಳೆದು ಎಳೆಗಾಯಿ ಉದುರುತ್ತದೆ. ಮಳೆ ಹಿಡಿಯುವ ಮುಂಚೆ ಮೈಲುತುತ್ತ ಸುಣ್ಣ ಬೆರೆಸಿ ಬೋರ್ಡೋ ದ್ರಾವಣ ಹೊಡೆಸುವವನೂ, ಹಿಂದಿನ ಕಾಲದಲ್ಲಿ ಗೊನೆಗೆ ಮಳೆ ತಾಗದಂತೆ ಕೊಟ್ಟೆಯ ಹೊದಿಕೆ ಕಟ್ಟಿಸುತ್ತಿದ್ದವನೂ, ಆಕಾಶ ನೋಡಿ ಮಳೆ ಬರಲಿ ಎಂದು ಬೇಡಿಕೊಂಡವನೂ ಒಬ್ಬನೇ. ಲಾಭವೂ ನಷ್ಟವೂ ಒಂದೇ ಅಂಗಳದಲ್ಲಿ ಒಣಗುತ್ತವೆ.

ಆದರೆ ಆ ಪರೀಕ್ಷೆ ಎಲ್ಲ ಕಡೆಗೂ ನಡೆಯುವುದಿಲ್ಲ ಎಂಬುದನ್ನೂ ಹೇಳಬೇಕು. ಸಾಲವನ್ನು ನೋಡಿ. ಕೊಟ್ಟವನ ಆಸ್ತಿ, ತೆಗೆದುಕೊಂಡವನ ಹೊರೆ. ಇಬ್ಬರ ಕೈ ಬೇರೆ, ಪತ್ರ ಒಂದೇ. ಅಲ್ಲಿ ಆ ನುಡಿಗಟ್ಟು ತಪ್ಪೆಂದು ಹೇಳಲಾರೆ. ಕೈ ಒಂದೇ ಆಗಿರಬೇಕು ಎಂಬುದಕ್ಕಿಂತ, ಆ ಪತ್ರಕ್ಕೆ ಇಬ್ಬರೂ ರುಜು ಹಾಕಿದ್ದರೇ ಎಂದು ಕೇಳುವುದು ಹೆಚ್ಚು ಸರಿಯೇನೋ. ದೊಡ್ಡಪ್ಪ ಬದುಕಿದ್ದರೆ ಈ ತಿದ್ದುಪಡಿಯನ್ನು ಒಪ್ಪುತ್ತಿದ್ದರೋ ಇಲ್ಲವೋ, ಕಣಿವೆಯಲ್ಲಿ ತಮ್ಮನ್ನು ಯಾರೂ ರುಜು ಕೇಳಲಿಲ್ಲ ಎಂದಂತೂ ಹೇಳುತ್ತಿದ್ದರು.

ಮಳೆ ಕೈಕೊಟ್ಟ ವರ್ಷಗಳ ಬೇಸಿಗೆಯಲ್ಲಿ ಲಿಂಗನಮಕ್ಕಿಯ ನೀರು ತೀರ ಇಳಿದಾಗ, ಅದಕ್ಕಿಂತ ಮೊದಲು ಕಟ್ಟಿದ್ದ ಮಡೆನೂರಿನ ಹಿರೇಭಾಸ್ಕರ ಅಣೆಕಟ್ಟು ಹೊರಗೆ ಬರುತ್ತದೆ. ಹೆಚ್ಚಾದ ನೀರನ್ನು ಹೊರಹಾಕುತ್ತಿದ್ದ ಅದರ ಸೈಫನ್‌ಗಳ ಸಾಲನ್ನು ನೋಡಲು ಜನ ಕಾರು ಮಾಡಿಕೊಂಡು ಹೋಗುತ್ತಾರೆ, ಫೋಟೊ ತೆಗೆಸಿಕೊಳ್ಳುತ್ತಾರೆ. ದೊಡ್ಡಪ್ಪನನ್ನು ಅಂಥ ಒಂದು ಬೇಸಿಗೆಯಲ್ಲಿ ಕರೆದುಕೊಂಡು ಹೋಗಿದ್ದೆ. ಅವರು ಅಣೆಕಟ್ಟಿನ ಕಡೆ ಒಮ್ಮೆ ನೋಡಿ, ಬಿರುಕು ಬಿಟ್ಟ ಕೆಸರಿನ ಬಯಲಿನ ಕಡೆ ತಿರುಗಿ ನಿಂತರು. ನೀರಿನಲ್ಲಿ ನಿಂತು ಕಪ್ಪಾದ ಮರದ ಮೋಟುಗಳನ್ನು ಎಣಿಸಿ, ಇದರಿಂದ ಅದಕ್ಕೆ ಇಷ್ಟು ಮಾರು, ಅಲ್ಲಿಂದ ಎಡಕ್ಕೆ ಹಳ್ಳ, ಹಳ್ಳದಾಚೆ ಗದ್ದೆ ಎಂದು ಲೆಕ್ಕ ಹಾಕಿದರು. ಲೆಕ್ಕ ತಾಳೆಯಾಗಲಿಲ್ಲ. ಹಿಂದಿರುಗುವಾಗ ನಾಣ್ಯದ ಮಾತು ಇಬ್ಬರೂ ಎತ್ತಲಿಲ್ಲ.

ಪ್ರಬಂಧಗಳ ಕಟ್ಟಿನಲ್ಲಿ ಒಂದು ಪತ್ರಿಕೆ ಹಿನ್ನೀರಿನಾಚೆಯ ಊರಿನ ವಿದ್ಯಾರ್ಥಿಯದು. ಲಾಂಚಿಗಾಗಿ ಕಾದದ್ದು, 2025ರಲ್ಲಿ ಅಂಬಾರಗೋಡ್ಲು ಕಳಸವಳ್ಳಿ ಸೇತುವೆ ತೆರೆದದ್ದು, ಅದರ ಮೇಲೆ ಮೊದಲ ಸಲ ಬಸ್ಸಿನಲ್ಲಿ ದಾಟಿದ್ದು, ಎಲ್ಲವನ್ನೂ ಒಂದೂವರೆ ಪುಟದಲ್ಲಿ ಚೆನ್ನಾಗಿಯೇ ಬರೆದು, ಕೊನೆಯ ಸಾಲಿಗೆ ಬಂದಾಗ ಅವನೂ ಅದೇ ನಾಣ್ಯವನ್ನು ತೆಗೆದು ಮೇಜಿನ ಮೇಲಿಟ್ಟಿದ್ದ. ನಾನು ಆ ಸಾಲಿಗೆ ಅಡಿಗೆರೆ ಎಳೆದೆ. ಅಂಚಿನಲ್ಲಿ ಕೆಂಪು ಶಾಯಿಯಲ್ಲಿ ‘ಯಾರ ಕೈಯಲ್ಲಿ?’ ಎಂದು ಬರೆದು, ಅಂಕ ಕಳೆಯದೆ, ಮುಂದಿನ ಪತ್ರಿಕೆಯನ್ನು ತೆಗೆದುಕೊಂಡೆ.